ಮೇಜಿಗಲ್ಲ, ಗೋಡೆಗೆ

"ಅಲ್ಲಿ ಕತ್ತರಿಸಬೇಡಿ."

ಬಟ್ಟೆ ಅಂಗಡಿಯ ಕೌಂಟರಿನ ಮುಂದೆ ನಿಂತಿದ್ದ ಅವಳು ತಲೆ ಎತ್ತಿದಳು. ಮಾತಾಡಿದ್ದು ಅಂಗಡಿಯವನಲ್ಲ. ಪಕ್ಕದಲ್ಲಿ ನಿಂತಿದ್ದ ಯಾರೋ ಒಬ್ಬ ಗಂಡಸು. ಅಂಗಿಯ ತೋಳು ಮಡಚಿದ್ದ, ಬೆರಳ ತುದಿಗಳಲ್ಲಿ ನೀಲಿ ಬಣ್ಣ ಒಣಗಿತ್ತು.

"ಯಾಕೆ?" ಎಂದಳು.

"ಕತ್ತರಿ ಹೂವಿನ ಮಧ್ಯೆ ಹೋಗುತ್ತೆ. ಒಂಚೂರು ಆಚೆ ಹಾಕಿದ್ರೆ ಹೂವು ಇಡಿಯಾಗಿ ಉಳಿಯುತ್ತೆ."

"ನಂಗೆ ಹೂವಿನ ಮಧ್ಯಾನೇ ಬೇಕು." ಅವಳು ಅಂಗಡಿಯವನ ಕಡೆ ತಿರುಗಿದಳು. "ನೀವು ಇಲ್ಲಿಂದ ಶುರು ಮಾಡಿ. ಇದೇ ಹೂವು, ಇದೇ ಎಲೆ, ಇದೇ ಮೊಗ್ಗು ಆರು ಸಲ ಬರೋವರೆಗೂ ಬೇಕು. ಮೀಟರ್ ಎಷ್ಟಾಗುತ್ತೋ ಆಗ್ಲಿ."

ಅಂಗಡಿಯವನಿಗೆ ಇವಳ ವರಸೆ ಹೊಸದಲ್ಲ. ಅವನು ಬಟ್ಟೆಯ ಥಾನು ಬಿಚ್ಚುತ್ತಾ ಹೋದ. ಆದರೆ ಆ ಗಂಡಸು ಜಾಗ ಬಿಟ್ಟು ಕದಲಲಿಲ್ಲ.

"ಕರ್ಟನ್‌ಗಾ?"

"ಅಲ್ಲ."

"ಸೋಫಾ ಕವರ್‌ಗಾ?"

"ಚೂರು ಮಾಡೋಕೆ."

ಅವನ ಮುಖ ನೋಡಬೇಕಿತ್ತು ಆಗ. ಕೇಳಿದ್ದು ಸರಿಯೋ ತಪ್ಪೋ ಎಂದು ಅಂಗಡಿಯವನ ಕಡೆ ನೋಡಿದ. ಅಂಗಡಿಯವನು 'ಹೌದು ಸ್ವಾಮಿ, ನಿಜ' ಎನ್ನುವಂತೆ ಕಣ್ಣು ಮುಚ್ಚಿ ತೆರೆದ.

"ಅದು ನಾನು ಬರೆದ ಹೂವು," ಎಂದ ಆ ಗಂಡಸು, ತಗ್ಗಿದ ದನಿಯಲ್ಲಿ. "ಪ್ರಿಂಟಿಂಗ್ ಕಾರ್ಖಾನೆಯಲ್ಲಿ ಡಿಸೈನರ್ ನಾನು."

"ಬರೆದಿದ್ದು ನೀವಿರಬಹುದು. ಕೊಂಡಿದ್ದು ನಾನು."

ಅವಳು ಬಟ್ಟೆ ಮಡಚಿ ಚೀಲಕ್ಕೆ ತುರುಕಿ ಹೊರಟಳು. ಬಾಗಿಲವರೆಗೂ ಹೋದವಳು ಯಾಕೆ ನಿಂತಳೋ... ಅವಳಿಗೇ ಗೊತ್ತಿಲ್ಲ. ಹಿಂದಿರುಗಿ ನೋಡಿದರೆ ಅವನಿನ್ನೂ ಕೌಂಟರಿನ ಮೇಲೆ ಉಳಿದಿದ್ದ ಥಾನನ್ನು ಅಂಗೈಯಿಂದ ಸವರುತ್ತಾ ನಿಂತಿದ್ದ. ಅವಳಿಗೆ ಒಂದು ಗಳಿಗೆ ಪಾಪ ಅನಿಸಿತು. ಪಾಪ ಅನಿಸಿದ್ದಕ್ಕೆ ಇನ್ನಷ್ಟು ಸಿಟ್ಟು ಬಂತು.

"ಅಷ್ಟು ಹೊಟ್ಟೆ ಉರಿದ್ರೆ ಬಂದು ನೋಡಿ. ಅಂಚೆ ಕಚೇರಿ ಎದುರು ಟೈಲರ್ ಅಂಗಡಿ. ಅದರ ಮೇಲಿನ ರೂಮು."

*

ಮನೆಯಲ್ಲಿ ಅವಳಿಗೆ 'ಕತ್ತರಿ' ಎಂದೇ ಹೆಸರು. ಕೈಗೂ ಅದೇ, ನಾಲಿಗೆಗೂ ಅದೇ ಎಂದು ಅಣ್ಣನ ವಿವರಣೆ. ಕೆಳಗಿನ ಟೈಲರ್ ಅಂಗಡಿ ಅಣ್ಣನದು. ಮೇಲಿನ ರೂಮಿನಲ್ಲಿ ಅವಳ ಹೊಲಿಗೆ ಯಂತ್ರ, ಇಸ್ತ್ರಿ ಪೆಟ್ಟಿಗೆ, ರೂಮಿನ ಅರ್ಧ ನುಂಗಿದ ಒಂದು ಮರದ ಮೇಜು. ಅಲ್ಲಿ ಅವಳು ಕೌದಿ ಹೊಲಿಯುತ್ತಾಳೆ.

ಕೌದಿ ಎಂದರೆ ಹಳೆ ಬಟ್ಟೆ ಸೇರಿಸಿ ಹೊಲಿದ ಹೊದಿಕೆ ಅಂದುಕೊಳ್ಳಬೇಡಿ. ಇವಳದು ಬೇರೆಯೇ ಜಾತಿ. ಪ್ರಿಂಟ್ ಬಟ್ಟೆಯಲ್ಲಿ ಒಂದೇ ಚಿತ್ರ ಮತ್ತೆ ಮತ್ತೆ ಬರುತ್ತದಲ್ಲ, ಆ ಒಂದೊಂದು ಚಿತ್ರವನ್ನೂ ಒಂದು ಪದರ ಮಾಡಿ, ಆರು ಪದರ ಒಂದರ ಮೇಲೊಂದು ಇಡುತ್ತಾಳೆ. ಮೇಲಿನ ಪದರದಲ್ಲಿ ಎಸಳಿನ ತುದಿ ಎಲ್ಲಿದೆಯೋ ಕೆಳಗಿನ ಐದರಲ್ಲೂ ಅಲ್ಲೇ ಇರಬೇಕು, ಕೂದಲೆಳೆಯಷ್ಟೂ ಆಚೀಚೆ ಆಗಬಾರದು. ಗುಂಡುಪಿನ್ನನ್ನು ಆರೂ ಪದರಗಳಲ್ಲಿ ಅದೇ ಬಿಂದುವಿನಿಂದ ಹಾಯಿಸಿ ಖಾತ್ರಿ ಮಾಡಿಕೊಳ್ಳುತ್ತಾಳೆ. ಆಮೇಲೆ ತ್ರಿಕೋನವಾಗಿ ಕತ್ತರಿಸಿದರೆ ಒಂದೇ ಥರದ ಆರು ಚೂರು. ಆ ಆರರ ಮೊನೆಗಳನ್ನು ನಡುವೆ ಕೂಡಿಸಿ ಸುತ್ತಲೂ ಜೋಡಿಸಿದರೆ ಹೂವಿದ್ದಲ್ಲಿ ನಕ್ಷತ್ರ, ಎಲೆಯಿದ್ದಲ್ಲಿ ಚಕ್ರ. ಮಕ್ಕಳು ಕಣ್ಣಿಗಿಟ್ಟು ತಿರುಗಿಸುವ ಕೆಲಿಡೋಸ್ಕೋಪಿನಲ್ಲಿ ಕಾಣುತ್ತದಲ್ಲ, ಹಾಗೆ. ಕತ್ತರಿಸುವವರೆಗೂ ಏನು ಬರುತ್ತದೆಂದು ಅವಳಿಗೂ ಗೊತ್ತಿರುವುದಿಲ್ಲ.

"ನಾನು ಕತ್ತರಿಸಿದ್ರೆ ಅಂಗಿ ಆಗುತ್ತೆ," ಎನ್ನುತ್ತಿದ್ದ ಅಣ್ಣ. "ನೀನು ಕತ್ತರಿಸಿದ್ರೆ ಮತ್ತೆ ಬಟ್ಟೆನೇ ಆಗುತ್ತೆ. ಯಾವ ಸುಖಕ್ಕಮ್ಮಾ?"

ಅಣ್ಣ ಹೇಳಿದರೆ ತಮಾಷೆ. ಬೇರೆಯವರು ಹೇಳಿದರೆ ಅವಳು ಸುಮ್ಮನಿರುವವಳಲ್ಲ. ಒಂದು ಮದುವೆ ಮಾತುಕತೆ ಮುರಿದು ಬಿದ್ದದ್ದೂ ಇದಕ್ಕೇ. ಹುಡುಗನ ಕಡೆಯವರು ಎಲ್ಲ ಮೆಚ್ಚಿಕೊಂಡು, ಕೊನೆಗೆ, "ಈ ಹವ್ಯಾಸ ಮದುವೆ ಆದ್ಮೇಲೂ ಇಟ್ಕೋಬಹುದು, ನಮ್ದೇನೂ ಅಭ್ಯಂತರ ಇಲ್ಲ," ಎಂದಿದ್ದರು. ದೊಡ್ಡ ಮನಸ್ಸು, ಪಾಪ. "ಹವ್ಯಾಸ ಅಲ್ಲ, ಕೆಲಸ," ಎಂದಳು ಇವಳು. "ಎರಡೂ ಒಂದೇ ಅಲ್ವಾ," ಎಂದು ಹುಡುಗ ನಕ್ಕ. ಅಲ್ಲಿಗೆ ಮುಗಿಯಿತು.

ಅವಳಿಗೆ ಬೇಕಿದ್ದದ್ದು ಒಂದು ಗೋಡೆ. ಊರಿನ ಚಿತ್ರಶಾಲೆಯಲ್ಲಿ ವರ್ಷಕ್ಕೊಮ್ಮೆ ಪ್ರದರ್ಶನ ನಡೆಯುತ್ತದೆ. ಹೋದ ಸಲ ಅವಳ ಕೌದಿಯನ್ನೂ ತೆಗೆದುಕೊಂಡಿದ್ದರು. ಆದರೆ ಎಲ್ಲಿ ಹಾಕಿದ್ದರು? ಬಾಗಿಲ ಬಳಿಯ ಮೇಜಿನ ಮೇಲೆ ಹಾಸಿದ್ದರು. ಬಂದವರು ಅದರ ಮೇಲೆ ಕೈಚೀಲ ಇಟ್ಟರು, ಒಬ್ಬ ಮಹಾನುಭಾವರು ಟೀ ಲೋಟವನ್ನೂ ಇಟ್ಟರು. ಅವಳ ನಕ್ಷತ್ರದ ಮೇಲೆ ಲೋಟದ ಕಂದು ಬಳೆ ಬಿತ್ತು. ಅವತ್ತು ಅವಳು ಅಳಲಿಲ್ಲ. ಕೌದಿ ಎಳೆದುಕೊಂಡು ಮನೆಗೆ ಬಂದಳು.

ಈ ವರ್ಷ ಚಿತ್ರಶಾಲೆಯ ಅಧ್ಯಕ್ಷೆಯ ಮುಂದೆ ಹೋಗಿ ನಿಂತಳು. "ನಂಗೆ ಗೋಡೆ ಬೇಕು ಮೇಡಂ. ಇದರ ಚಕ್ರಗಳು ದೂರದಿಂದ ನೋಡಿದ್ರೆ ಮಾತ್ರ ತಿರುಗೋ ಹಾಗೆ ಕಾಣೋದು. ಮೇಜಿನ ಮೇಲೆ ಹಾಕಿದ್ರೆ ಬರೀ ಬಟ್ಟೆ."

"ಗೋಡೆ ಚಿತ್ರಗಳಿಗಮ್ಮಾ. ಕೌದಿ ಹಾಸೋಕೆ ತಾನೇ ಇರೋದು?"

"ನಂದು ಹಾಸೋಕಲ್ಲ."

ಅಧ್ಯಕ್ಷೆ ಕನ್ನಡಕ ಸರಿಮಾಡಿಕೊಂಡರು. "ಸರಿ, ಮಾಡ್ಕೊಂಡು ಬಾ. ನೋಡೋಣ."

'ನೋಡೋಣ' ಎಂದರೆ ಏನರ್ಥ ಎಂದು ನಮಗೆಲ್ಲ ಗೊತ್ತು. ಅವಳಿಗೂ ಗೊತ್ತಿತ್ತು. ಆದರೂ ಒಪ್ಪಿಗೆ ಸಿಕ್ಕವಳ ಹಾಗೆ ತಲೆ ಎತ್ತಿಕೊಂಡೇ ಬಂದಳು.

*

ಎರಡು ದಿನ ಬಿಟ್ಟು, ಸಂಜೆ, ಕೆಳಗಿನಿಂದ ಅಣ್ಣನ ಕೂಗು ಕೇಳಿತು. "ಕತ್ತರೀ... ನಿನ್ನ ಮೇಲೆ ಕೇಸ್ ಹಾಕೋಕೆ ಯಾರೋ ಬಂದಿದ್ದಾರೆ ನೋಡು."

ಅವನೇ. ಮೆಟ್ಟಿಲು ಹತ್ತಿ ಬಂದವನು ಬಾಗಿಲಲ್ಲೇ ನಿಂತುಬಿಟ್ಟ. ಚೂರು ತಾನೇ ಅಂಟಿಕೊಳ್ಳಲೆಂದು ಎದುರಿನ ಗೋಡೆಗೆ ಹೊಡೆದಿದ್ದ ಉಣ್ಣೆ ಬಟ್ಟೆಯ ತುಂಬ ಅವಳು ಆವರೆಗೆ ಜೋಡಿಸಿದ್ದ ಚೂರುಗಳು ಅಂಟಿಕೊಂಡಿದ್ದವು.

"ನನ್ನ ಹೂವು ಎಲ್ಲಿ?"

"ಹುಡುಕಿ."

ಹುಡುಕಿದ. ಹತ್ತಿರ ಹೋದ, ಹಿಂದೆ ಬಂದ, ತಲೆ ವಾರೆ ಮಾಡಿದ. ಅವಳು ಇಸ್ತ್ರಿ ಮಾಡುವವಳ ಹಾಗೆ ನಟಿಸುತ್ತಾ ಅವನನ್ನೇ ನೋಡುತ್ತಿದ್ದಳು. ಇವನೂ ಈಗ ಅದೇ ಮಾತು ಹೇಳುತ್ತಾನೆ... 'ಟೈಂಪಾಸ್‌ಗೆ ಚೆನ್ನಾಗಿದೆ' ಅನ್ನುತ್ತಾನೆ. ಅನ್ನಲಿ. ಇಸ್ತ್ರಿ ಪೆಟ್ಟಿಗೆ ಕೈಯಲ್ಲೇ ಇದೆ.

"ಈ ನಕ್ಷತ್ರ..." ಅವನು ಒಂದರ ಮುಂದೆ ನಿಂತ. "ಇದು ಎಲೆಯ ತೊಟ್ಟು. ಜಾಗ ಖಾಲಿ ಕಾಣುತ್ತೆ ಅಂತ ಬೇಜಾರಲ್ಲಿ ಎಳೆದ ತೊಟ್ಟು ಇದು."

"ಹಾಂ. ಇಡೀ ಬಟ್ಟೆಯಲ್ಲಿ ಚೆನ್ನಾಗಿರೋದು ಅದೊಂದೇ."

"ಮತ್ತೆ ಹೂವು? ಅದನ್ನ ಬರೆಯೋಕೆ ಎಷ್ಟು ಒದ್ದಾಡಿದ್ದೀನಿ ಗೊತ್ತಾ?"

"ಅದು ಅಲ್ಲಿದೆ ನೋಡಿ, ಮೂಲೆಯಲ್ಲಿ. ಕೆಂಪಗೆ, ಗುಂಡಗೆ. ಏನೂ ಆಗಲಿಲ್ಲ ಅದರಿಂದ."

ಅವನು ಮೂಲೆ ನೋಡಿದ. ತನ್ನ ತೊಟ್ಟನ್ನು ನೋಡಿದ. ಮುಖ ಸಣ್ಣದಾಯಿತು. ಆಮೇಲೆ, ಅವಳು ಎಣಿಸಿಯೇ ಇರಲಿಲ್ಲ, ಅವನು ನಕ್ಕುಬಿಟ್ಟ. ಕಷ್ಟಪಟ್ಟಿದ್ದು ಮೂಲೆಗೆ ಬಿತ್ತು, ಬೇಕಾಬಿಟ್ಟಿ ಎಳೆದದ್ದು ನಡುಮನೆಯಲ್ಲಿ ಕೂತಿತು ಎಂದು ತನ್ನನ್ನೇ ಆಡಿಕೊಂಡು ನಕ್ಕ. ಅವಳಿಗೂ ನಗು ಬಂತು. ಇಸ್ತ್ರಿ ಪೆಟ್ಟಿಗೆ ಕೆಳಗಿಟ್ಟಳು.

"ಚಿತ್ರ ಎಲ್ಲಿ ಮುಗಿದು ಎಲ್ಲಿ ಮತ್ತೆ ಶುರುವಾಗುತ್ತೆ ಅಂತ ಯಾರಿಗೂ ಗೊತ್ತಾಗಬಾರದು," ಎಂದ ಅವನು. "ಆ ಜೋಡಣೆ ಮುಚ್ಚಿಡೋದೇ ನಮ್ಮ ಕಸುಬು."

"ಅದನ್ನ ಹುಡುಕಿ ಹಿಡಿಯೋದೇ ನನ್ನ ಕಸುಬು," ಎಂದಳು ಅವಳು.

ಕಸುಬು. ಹವ್ಯಾಸ ಅಲ್ಲ. ಅವನು ಅದನ್ನು ತಿದ್ದಲಿಲ್ಲ, ಅದಕ್ಕೆ ನಗಲೂ ಇಲ್ಲ. ಸುಮ್ಮನೆ ತಲೆಯಾಡಿಸಿದ. ಅವಳು ಒಂದು ಸ್ಟೂಲನ್ನು ಅವನ ಕಡೆ ತಳ್ಳಿದಳು.

*

ಆಮೇಲೆ ಸಂಜೆಗಳೆಲ್ಲ ಅವನವೇ ಆದವು. ಕಾರ್ಖಾನೆ ಬಿಟ್ಟವನೇ ನೇರ ಇಲ್ಲಿಗೆ. ಅತ್ತಿಗೆ ಅವನಿಗೆ ಅಡ್ಡಹೆಸರನ್ನೂ ಇಟ್ಟಾಯಿತು. "ಹೂವಪ್ಪ ಬಂದ್ರು ಕಣೇ. ಟೀ ಮೇಲಕ್ಕೆ ಕಳಿಸ್ಲಾ, ಇಲ್ಲಾ ನೀನೇ ಇಳಿದು ಬಂದು ತಗೊಂಡು ಹೋಗ್ತೀಯಾ?"

"ಅತ್ತಿಗೆ, ಸುಮ್ನಿರಿ."

"ನಾನೇನಂದೆ? ಟೀ ಅಂದೆ."

ಅವನು ಪದರ ಹಿಡಿಯುತ್ತಿದ್ದ, ಅವಳು ಪಿನ್ನು ಹಾಯಿಸುತ್ತಿದ್ದಳು. ಮೇಜಿನ ಆಚೆ ಅವನು, ಈಚೆ ಅವಳು, ನಡುವೆ ಆರು ಪದರ ಬಟ್ಟೆ. ಕೆಲವು ಸಲ ಪಿನ್ನಿನ ಮೊನೆ ಕೆಳಗೆ ಅವನ ಬೆರಳಿಗೆ ತಾಗುತ್ತಿತ್ತು. ಅವನು ಕೈ ಎಳೆದುಕೊಳ್ಳುತ್ತಿರಲಿಲ್ಲ.

"ಮೊದಲ ಸಲ ಕತ್ತರಿ ಹಾಕುವಾಗ ನಿಮಗೆ ಕೈ ನಡುಗಲ್ವಾ?" ಎಂದು ಒಮ್ಮೆ ಕೇಳಿದ.

"ನಡುಗುತ್ತೆ. ಅದಕ್ಕೇ ಬೇಗ ಹಾಕಿಬಿಡ್ತೀನಿ."

ಗೋಡೆಯ ವಿಷಯವನ್ನೂ ಅವಳು ಅವನಿಗೆ ಹೇಳಿದಳು. ಲೋಟದ ಕಲೆ ತೋರಿಸಿದಳು. ಅವನು ಆ ಕಲೆಯ ಸುತ್ತ ಬೆರಳಾಡಿಸಿದ. ಹೊರಡುವಾಗ, "ಚಿತ್ರಶಾಲೆಗೆ ನಾನು ಬಟ್ಟೆ ಬರೀತೀನಿ. ನಿಮಗೇ ಅಂತ," ಎಂದ.

ನಿಮಗೇ ಅಂತ... ಆ ರಾತ್ರಿ ಅವಳು ಎಷ್ಟು ಸಲ ಆ ಎರಡು ಪದಗಳನ್ನು ಹೊರಳಿಸಿ ನೋಡಿದಳೋ.

ಬಟ್ಟೆ ಬಂತು. ಕಡುನೀಲಿ ನೆಲ, ಅದರ ಮೇಲೆ ಎಲ್ಲೂ ಕಂಡಿರದ ಒಂದು ಬಿಳಿ ಹೂವು, ಬಳ್ಳಿ, ಮೊಗ್ಗು. ಮತ್ತೆ ಅದೇ ಹೂವು, ಮತ್ತೆ ಅದೇ.

"ಕತ್ತರಿಸೋ ಮೊದಲು ಒಂದು ಸಲ ಪೂರ್ತಿ ಬಿಡಿಸಿ ನೋಡಿ," ಎಂದ ಅವನು. ಹೇಳಿ ಅವಳ ಮುಖವನ್ನೇ ನೋಡುತ್ತಾ ನಿಂತ.

ಅವಳು ಬಿಡಿಸಿದಳು. ನೋಡಿದಳು ಕೂಡ. ಆದರೆ ಕಣ್ಣಲ್ಲಿ ನೀರು ತುಂಬಿಕೊಂಡು ನೋಡಿದರೆ ಯಾರಿಗೆ ಏನು ಕಂಡೀತು?

ಮರುದಿನ ಬೆಳಿಗ್ಗೆ ಆರು ಪದರ ಮಾಡಿದಳು. ಪಿನ್ನಿನ ಡಬ್ಬಿ ತೆರೆದಳು... ಮುಚ್ಚಿದಳು. ಅಂಗಡಿಯ ಬಟ್ಟೆಯನ್ನು ಅವಳು ಒಂದು ದಿನವೂ ನಂಬಿದವಳಲ್ಲ. ಪದರ ಪದರಕ್ಕೂ ಪಿನ್ನು ಚುಚ್ಚಿ ಪರೀಕ್ಷೆ ಮಾಡದೆ ಕತ್ತರಿ ಮುಟ್ಟಿದ್ದಿಲ್ಲ. ಆದರೆ ಇದು ಅವನು ಬರೆದದ್ದು. ಅವಳಿಗೇ ಅಂತ ಬರೆದದ್ದು. ಅವನ ಗೆರೆಯನ್ನೂ ಪರೀಕ್ಷೆ ಮಾಡುವುದೇ? ಅಂಚಿಗೆ ಅಂಚು ಕೂಡಿಸಿದಳು, ಕತ್ತರಿಸುತ್ತಾ ಹೋದಳು.

ಮೊದಲ ಆರು ಚೂರು ಜೋಡಿಸಿದಾಗ ನಡುವೆ ಕೂಡಲಿಲ್ಲ. ಗೆರೆಗೆ ಗೆರೆ ಸಿಗಲಿಲ್ಲ. ಹೊಲಿಗೆ ತಪ್ಪಿರಬೇಕೆಂದು ಬಿಚ್ಚಿದಳು. ಇನ್ನೊಂದು ಜೋಡಿಸಿದಳು, ಅದೂ ಹಾಗೇ. ಮೂರನೆಯದೂ ಹಾಗೇ ಆದಾಗ ಆರು ಚೂರುಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟಳು.

ಮೊದಲ ಚೂರಿನಲ್ಲಿ ಎಸಳು ಮುಚ್ಚಿತ್ತು. ಎರಡನೆಯದರಲ್ಲಿ ಇಷ್ಟೇ ಇಷ್ಟು ಬಿಚ್ಚಿತ್ತು. ಮೂರನೆಯದರಲ್ಲಿ ಇನ್ನೊಂಚೂರು... ಆರನೆಯದರಲ್ಲಿ ಪೂರ್ತಿ ಅರಳಿತ್ತು. ಒಂದೇ ಹೂವನ್ನು ಆರು ಸಲ, ಆರು ಬೇರೆ ಬೇರೆ ಗಳಿಗೆಗಳಲ್ಲಿ ಬರೆದಿದ್ದ ಅವನು.

ಮೇಜಿನ ತುಂಬ ಯಾವುದಕ್ಕೂ ಬಾರದ ಚೂರುಗಳು. ಪ್ರದರ್ಶನ ಹತ್ತಿರದಲ್ಲೇ ಇತ್ತು.

*

ಕಾರ್ಖಾನೆಯ ಡಿಸೈನ್ ಕೋಣೆಯಲ್ಲಿ ಅವನ ಮೇಜಿನ ಮೇಲೆ ಅವಳು ಚೂರುಗಳನ್ನು ಸುರಿದಳು.

ಅವನು ಮೊದಲು ಚೂರು ನೋಡಿದ, ಆಮೇಲೆ ಅವಳನ್ನು. "ಕತ್ತರಿಸಿಬಿಟ್ರಾ?"

"ಮತ್ತೇನು ಮಾಡಬೇಕಿತ್ತು? ಪೂಜೆನಾ?"

"ಬಿಡಿಸಿ ನೋಡಿ ಅಂದಿದ್ದೆ. ನೋಡ್ತಾ ನೋಡ್ತಾ ನಿಮಗೇ ಗೊತ್ತಾಗಲಿ ಅಂತ ಅಷ್ಟು ಸೂಕ್ಷ್ಮವಾಗಿ ಬರೆದೆ. ಹೂವು ಅರಳುತ್ತೆ ಅದರಲ್ಲಿ. ಗೊತ್ತಾದ ಮೇಲೆ ನೀವು..." ಅವನು ತಡವರಿಸಿದ. "ಅದೊಂದನ್ನಾದ್ರೂ ಕತ್ತರಿಸದೆ ಇಟ್ಕೋತೀರಿ ಅಂದ್ಕೊಂಡೆ."

"ಅಂದ್ರೆ ಇಷ್ಟು ದಿನ," ಅವಳ ದನಿ ಏರಲಿಲ್ಲ, ಅದೇ ಭಯವಾಗುವಂತಿತ್ತು, "ನೀವು ನನ್ನ ಎದುರು ಕೂತು ಪದರ ಹಿಡಿದಿದ್ದು, ಇವಳು ಯಾವಾಗ ನಿಲ್ಲಿಸ್ತಾಳೆ ಅಂತ ಕಾಯ್ತಾ."

"ಹಾಗಲ್ಲ..."

"ನಂಗೆ ಗೋಡೆ ಬೇಕು ಅಂತ ಗೊತ್ತು ನಿಮಗೆ. ಯಾತಕ್ಕೆ ಬೇಕು ಅಂತಾನೂ ಗೊತ್ತು. ಆದ್ರೂ ನನ್ನ ಕತ್ತರಿಗೆ ಆಗದಂಥ ಬಟ್ಟೆ ಬರೆದ್ರಿ. ಬೇರೆಯವರು ಇದನ್ನ ಹವ್ಯಾಸ ಅಂದ್ರು. ಅವರೇ ವಾಸಿ, ಎದುರಿಗೇ ಅಂದ್ರು."

ಅವಳ ಮಾತು ಪೂರ್ತಿ ಸುಳ್ಳಾಗಿದ್ದರೆ ಅವನು ವಾದಿಸುತ್ತಿದ್ದನೇನೋ. ಅರ್ಧ ನಿಜ ಎಂದು ಅವನಿಗೆ ಆ ಕ್ಷಣವೇ ಹೊಳೆಯಿತು. ಸುರಿದ ಚೂರುಗಳನ್ನು ಒಂದೊಂದಾಗಿ ಕೂಡಿಸತೊಡಗಿದ.

"ನಿಮ್ಮ ಹೂವು ನಿಮಗೇ ಇರಲಿ," ಎಂದು ಅವಳು ಹೊರಟಳು.

ಯಾಕೆ ಪಿನ್ನು ಚುಚ್ಚಿ ನೋಡಲಿಲ್ಲ ಎಂದು ಅವನು ಕೇಳಲಿಲ್ಲ. ಕೇಳಿದ್ದರೆ ಅಲ್ಲೇ ಅತ್ತುಬಿಡುತ್ತಿದ್ದಳು. ಕೇಳದೆ ಇದ್ದದ್ದು ಒಳ್ಳೆಯದಾಯಿತು ಎಂದುಕೊಳ್ಳುತ್ತಾ ರಸ್ತೆ ತುಂಬ ಅತ್ತಳು.

ಅವನು ಟೈಲರ್ ಅಂಗಡಿಗೆ ಬಂದ, ಮರುದಿನವೂ ಬಂದ. ಅಣ್ಣ ಅಳತೆ ಟೇಪನ್ನು ಕೊರಳಿಗೆ ಹಾಕಿಕೊಂಡು ಬಾಗಿಲಿಗೆ ಅಡ್ಡ ನಿಂತ. "ಅವಳು ಮನೆಯಲ್ಲಿ ಇಲ್ಲ ಅಂತ ಹೇಳು ಅಂದಿದ್ದಾಳೆ."

"ಮೇಲೆ ಮೆಷಿನ್ ಸದ್ದು ಕೇಳ್ತಿದೆಯಲ್ಲ?"

"ಕೇಳ್ತಿದೆ. ನಾನೇನು ಮಾಡ್ಲಿ, ಹೇಳು ಅಂದಿದ್ದನ್ನ ಹೇಳಿದೆ."

ಮೇಲೆ ಮೆಷಿನ್ ಬರೀ ಸದ್ದು ಮಾಡುತ್ತಿತ್ತು. ಅವಳು ಹೊಲಿಯುತ್ತಿದ್ದದ್ದು ಏನೂ ಇರಲಿಲ್ಲ. ಬಟ್ಟೆ ಅಂಗಡಿಗೆ ಹೋಗಿ ಹೊಸ ಥಾನು ತರಬಹುದಿತ್ತು. ಆದರೆ ಯಾವ ಥಾನು ಬಿಚ್ಚಿದರೂ ಅದು ಅವನ ಗೆರೆಯೇ ಇರಬೇಕು ಅನಿಸಿ ಒಂದನ್ನೂ ಮುಟ್ಟಲಾಗಲಿಲ್ಲ.

ಅತ್ತಿಗೆ ಬಂದಿದ್ದು ಆಗ. ಕೈತುಂಬ ಧೂಳು ಹಿಡಿದ ಕರ್ಟನ್‌ಗಳು. ಮನೆಯ ನಡುಕೋಣೆಯವು. ಕಂದು ನೆಲದ ಮೇಲೆ ಹಳದಿ ಕೆಟಲ್‌ಗಳು, ಕೆಟಲ್ ಪಕ್ಕ ಟೀ ಕಪ್ಪು, ಕಪ್ಪಿನ ಪಕ್ಕ ಮತ್ತೆ ಕೆಟಲ್. ಅಂಥ ಪ್ರಿಂಟನ್ನು ಬರೆದವನು ಯಾರೋ, ಅವನೂ ಹೆಸರು ಹೇಳಿಕೊಳ್ಳಲಾರ.

"ತಗೋ, ಕತ್ತರಿಸು."

"ಅತ್ತಿಗೆ, ಇದು ನಡುಕೋಣೆದು."

"ಗೊತ್ತು. ನಿಮ್ಮಣ್ಣ ತಂದಿದ್ದು. ಮದುವೆ ಆದಾಗಿನಿಂದ ಈ ಕೆಟಲ್ ಮುಖ ನೋಡಿ ನೋಡಿ ನಂಗೂ ಸಾಕಾಗಿದೆ. ಬೀದಿಯವರು ನಮ್ಮನ್ನ ನೋಡಿದ್ರೆ ನೋಡ್ಲಿ ಬಿಡು, ನಾಲ್ಕು ದಿನ." ಅತ್ತಿಗೆ ಅವಳ ಗಲ್ಲ ಹಿಡಿದು ಮುಖ ಎತ್ತಿದಳು. "ಆರು ಸಲ ಬರುತ್ತೆ. ನಾನೇ ನೋಡಿದ್ದೀನಿ. ಒಂದಕ್ಕಿಂತ ಒಂದು ಅಸಹ್ಯ, ಆದ್ರೆ ಎಲ್ಲಾ ಒಂದೇ ಥರ ಅಸಹ್ಯ."

ಎಷ್ಟೋ ದಿನದ ಮೇಲೆ ಅವಳು ನಕ್ಕಳು. ಪಿನ್ನಿನ ಡಬ್ಬಿ ತೆರೆದಳು. ಈ ಸಲ ಒಂದೂ ಬಿಡದೆ ಚುಚ್ಚಿದಳು.

ಕೆಟಲಿನ ಮೂತಿ ಎಸಳಾಯಿತು. ಹಿಡಿಕೆ ಬಳ್ಳಿಯಾಯಿತು. ಕಪ್ಪುಗಳ ಅಂಚು ಕೂಡಿ ಉರಿಯುವ ಚಕ್ರವಾಯಿತು. ಮನೆಯವರೆಲ್ಲ ಮುಖ ಸಿಂಡರಿಸುತ್ತಿದ್ದ ಆ ಕಂದು ಬಣ್ಣವೇ ಒಳಗಿನಿಂದ ಹೊಳೆಯತೊಡಗಿತು. ಅವಳು ಊಟ ಬಿಟ್ಟು ಹೊಲಿದಳು, ಅಣ್ಣ ಕೆಳಗಿನ ಕೆಲಸ ಬಿಟ್ಟು ಬಂದು ಇಸ್ತ್ರಿ ಹಾಕಿಕೊಟ್ಟ. ಆದದ್ದನ್ನು ನೋಡಿ ಅವನು ಯಾವ ಸುಖಕ್ಕೆ ಎಂದು ಕೇಳಲಿಲ್ಲ.

*

ಚಿತ್ರಶಾಲೆಯಲ್ಲಿ ಎರಡು ದೊಡ್ಡ ಚಿತ್ರಗಳ ನಡುವೆ ಗೋಡೆ ಖಾಲಿ ಇತ್ತು. ಮೊಳೆ ಇರಲಿಲ್ಲ. ಬಾಗಿಲ ಬಳಿ ಮೇಜು ಸಿದ್ಧವಾಗಿತ್ತು.

"ಅಲ್ಲಿ ಹಾಸಮ್ಮಾ," ಎಂದರು ಅಧ್ಯಕ್ಷೆ. ಜನ ಆಗಲೇ ಒಳಗೆ ಬರತೊಡಗಿದ್ದರು.

"ನೋಡೋಣ ಅಂದಿದ್ರಿ ಮೇಡಂ. ನೋಡಿ."

ಅವಳು ಕೌದಿಯ ಮೇಲಂಚಿಗೆ ಮರದ ಕೋಲು ಸೇರಿಸಿಯೇ ತಂದಿದ್ದಳು. ಒಂದು ತುದಿ ಅವಳು ಹಿಡಿದಳು, ಇನ್ನೊಂದು ಅತ್ತಿಗೆ. ಇಬ್ಬರೂ ಖಾಲಿ ಗೋಡೆಗೆ ಬೆನ್ನು ಕೊಟ್ಟು, ಕೋಲನ್ನು ತಲೆಯ ಮೇಲಕ್ಕೆ ಎತ್ತಿದರು. ಕೌದಿ ಇಳಿಬಿತ್ತು. ಎದುರಿನಿಂದ ಕಾಣುತ್ತಿದ್ದದ್ದು ಕೌದಿ, ಮೇಲೆ ನಾಲ್ಕು ಕೈ, ಕೆಳಗೆ ನಾಲ್ಕು ಪಾದ.

"ಏನಮ್ಮಾ ಇದು ನಾಟಕ?" ಅಧ್ಯಕ್ಷೆಯ ದನಿ.

"ಮೊಳೆ ಕೊಡೋವರೆಗೂ ನಾವೇ ಮೊಳೆ ಮೇಡಂ," ಎಂದಳು ಅವಳು, ಕೌದಿಯ ಹಿಂದಿನಿಂದ.

ಹೊತ್ತು ಹೋಯಿತು. ತೋಳು ಸೋತಿತು. ಎದುರಿಗೆ ಹೆಜ್ಜೆ ಸದ್ದು ಬರುತ್ತಿತ್ತು, ನಿಲ್ಲುತ್ತಿತ್ತು. ಹೋಗುತ್ತಿರಲಿಲ್ಲ. "ಹಿಂದೆ ಬಾ, ಹಿಂದೆ ಬಂದು ನೋಡು, ತಿರುಗುತ್ತೆ," ಎಂದು ಯಾರೋ ಯಾರಿಗೋ ಹೇಳಿದ್ದು ಕೇಳಿ ಅವಳು ಕೋಲನ್ನು ಇನ್ನೊಂದಿಷ್ಟು ಮೇಲೆತ್ತಿದಳು.

"ಇದು ಪೇಂಟಿಂಗಾ?" ಎಂದಿತು ಒಂದು ದನಿ.

"ಅಲ್ಲ, ಕರ್ಟನ್," ಎಂದಳು ಅತ್ತಿಗೆ. "ಅಯ್ಯೋ ಕಣೇ, ನನ್ನ ಕೈ ಬಿದ್ದೇ ಹೋಯ್ತು."

"ಅತ್ತಿಗೆ, ಬಿಡಬೇಡಿ. ದಮ್ಮಯ್ಯ."

ಕೋಲು ಒಂದಿಷ್ಟು ಅಲುಗಿತು, ಮತ್ತೆ ನೇರವಾಯಿತು. ಅವಳು ಪಕ್ಕಕ್ಕೆ ನೋಡಿದಳು. ಕೋಲಿನ ಆ ತುದಿಯಲ್ಲಿದ್ದ ಬೆರಳುಗಳು ಅತ್ತಿಗೆಯವಾಗಿರಲಿಲ್ಲ. ಅವುಗಳ ತುದಿ ನೀಲಿಯಾಗಿತ್ತು.

ಅವಳು ಮುಖ ತಿರುಗಿಸಿದಳು. ಕೈ ಬಿಡುವಂತಿರಲಿಲ್ಲ, ಓಡಿ ಹೋಗುವಂತೆಯೂ ಇರಲಿಲ್ಲ.

"ಯಾರು ಕರೆದ್ರು ನಿಮ್ಮನ್ನ?" ಪಿಸುದನಿಯಲ್ಲೇ ಕೇಳಿದಳು.

"ಯಾರೂ ಇಲ್ಲ. ಎದುರಿಗೆ ಬಹಳ ಹೊತ್ತಿಂದ ನಿಂತಿದ್ದೆ." ಅವನೂ ಪಿಸುಗುಟ್ಟಿದ. "ಎಷ್ಟು ನೋಡಿದ್ರೂ ಗೊತ್ತಾಗಲಿಲ್ಲ. ಯಾವ ಹೂವು ಇದು?"

"ಕೆಟಲ್."

"ಏನು?"

"ಕೆಟಲ್. ಟೀ ಕೆಟಲ್. ನಮ್ಮನೆ ಕರ್ಟನ್‌ದು."

ಅವನು ನಗಲಿಲ್ಲ. ಕೌದಿಯ ಹಿಂಬದಿಯ ತೆಳು ಬಟ್ಟೆಯಿಂದ ಸೋಸಿ ಬರುತ್ತಿದ್ದ ಬೆಳಕಿನಲ್ಲಿ ಅವನ ಮುಖ ತೀರಾ ಗಂಭೀರವಾಗಿತ್ತು.

"ನೀವು ಅವತ್ತು ಅಂದಿದ್ದು ನಿಜ," ಎಂದ. "ಪೂರ್ತಿ ಅಲ್ಲ, ಆದ್ರೆ ನಿಜ. ನೀವು ನನ್ನ ಗೆರೆ ಕತ್ತರಿಸಿದಾಗೆಲ್ಲ ನಂಗೆ ಎಲ್ಲೋ ಒಂದು ಕಡೆ ಚುಚ್ಚುತ್ತಿತ್ತು. ನಿಮ್ಮನ್ನ ನೋಡಬೇಕು ಅಂತ ಬರ್ತಿದ್ದೆ, ಚುಚ್ಚಿಸಿಕೊಂಡು ಹೋಗ್ತಿದ್ದೆ. ಕೊನೆಗೆ ನಿಮ್ಮ ಕತ್ತರಿಯನ್ನ ಒಂದು ಸಲ ಸೋಲಿಸೋಣ ಅಂತ ಅನಿಸಿಬಿಡ್ತು. ಅದಕ್ಕೆ ಪ್ರೀತಿ ಅಂತ ಹೆಸರಿಟ್ಟು ತಂದುಕೊಟ್ಟೆ."

"ಬರೀ ಹೆಸರಾ ಅದು?"

"ಅಲ್ಲ," ಎಂದ. "ಪ್ರೀತಿನೂ ಇತ್ತು. ಇದೆ. ಅದೇ ನನ್ನ ತೊಂದರೆ."

"ನೀವು ಒಂದು ವಿಷಯ ಕೇಳಲೇ ಇಲ್ಲ," ಎಂದಳು. "ಪಿನ್ನು ಯಾಕೆ ಹಾಕಲಿಲ್ಲ ಅಂತ."

"ಯಾವತ್ತೂ ಹಾಕದೆ ಬಿಟ್ಟವರಲ್ಲ ನೀವು. ನಂಗೂ ಆಶ್ಚರ್ಯ ಆಯ್ತು. ಆರು ಪದರಕ್ಕೂ ಹಾಕಿದ್ರೆ ಕತ್ತರಿಸೋ ಮೊದಲೇ ಗೊತ್ತಾಗ್ತಿತ್ತು..." ಅವನ ಮಾತು ಅಲ್ಲೇ ನಿಂತಿತು. ಗೊತ್ತಾಯಿತು ಅವನಿಗೆ. ನೀಲಿ ಹತ್ತಿದ ಬೆರಳುಗಳು ಕೋಲನ್ನು ಇನ್ನಷ್ಟು ಬಿಗಿಯಾಗಿ ಹಿಡಿದವು.

"ಹಾಂ," ಎಂದಳು ಅವಳು. "ನೀವು ಬರೆದಿದ್ದು ಅಂತ ಹಾಕಲಿಲ್ಲ. ಅಷ್ಟೇ. ಇನ್ನು ಮುಂದೆ ಹಾಕ್ತೀನಿ. ನೀವು ಬರೆದಿದ್ದಕ್ಕೂ ಹಾಕ್ತೀನಿ. ಎಷ್ಟೇ ಇಷ್ಟ ಆದ್ರೂ ಕತ್ತರಿಸ್ತೀನಿ. ಅದು ಚುಚ್ಚುತ್ತೆ ಅನ್ನೋದಾದ್ರೆ ಈಗಲೇ ಕೋಲು ಬಿಟ್ಟು ಹೋಗಿ."

"ಚುಚ್ಚುತ್ತೆ," ಎಂದ ಅವನು. "ಹೋಗಲ್ಲ."

ಆಚೆ ಕಡೆಯಿಂದ ಅಧ್ಯಕ್ಷೆಯ ಕೆಮ್ಮು ಕೇಳಿಸಿತು. "ಸಾಕಮ್ಮಾ, ಕೈ ಇಳಿಸು. ಜನ ಅಲುಗಾಡ್ತಿಲ್ಲ, ಬಾಕಿ ಚಿತ್ರಗಳ ಹತ್ತಿರ ಯಾರೂ ಹೋಗ್ತಿಲ್ಲ. ಏಣಿ, ಮೊಳೆ ತರೋಕೆ ಕಳಿಸಿದ್ದೀನಿ."

"ಮೊಳೆ ಹೊಡೆದ ಮೇಲೆ ಇಳಿಸ್ತೀನಿ ಮೇಡಂ."

"ಅಬ್ಬಾ, ಏನು ಹಠಾನೋ ನಿಂದು." ಆದರೆ ಆ ದನಿಯಲ್ಲಿ ಸಿಟ್ಟಿರಲಿಲ್ಲ. ಹೆಜ್ಜೆಗಳು ದೂರ ಸರಿದವು. ಎಲ್ಲೋ ಏಣಿ ಎಳೆಯುವ ಸದ್ದು ಕೇಳಿತು.

ಕೌದಿಯ ಹಿಂದೆ ಅವಳ ಕಣ್ಣಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ. ಅವನು ಕೋಲಿನ ಉದ್ದಕ್ಕೂ ಕೈ ಸರಿಸುತ್ತಾ ಸರಿಸುತ್ತಾ ಹತ್ತಿರ ಬಂದ. ಬಗ್ಗಿ, ತನ್ನ ಭುಜದ ಅಂಗಿಯನ್ನು ಅವಳ ಕೆನ್ನೆಗೆ ಒಡ್ಡಿದ. ಅವಳು ಒರೆಸಿಕೊಂಡಳು.

ಏಣಿ ಬಂತು. ಯಾರೋ ಹತ್ತಿದರು. ಸುತ್ತಿಗೆಯ ಪೆಟ್ಟು ತಲೆಯ ಮೇಲೆಯೇ ಬಿತ್ತು, ಒಂದು ಕಡೆ, ಮತ್ತೊಂದು ಕಡೆ. ಕೋಲು ಮೊಳೆಗಳ ಮೇಲೆ ಕೂತಿತು.

"ಮುಗೀತು, ಬಿಡಿ," ಎಂದಿತು ಏಣಿಯ ಮೇಲಿನ ದನಿ.

"ಕೈ ಇಳಿಸ್ಲಾ?" ಎಂದು ಕೇಳಿದ ಅವನು.

"ಬೇಡ. ಇನ್ನೊಂದು ಸ್ವಲ್ಪ ಹೊತ್ತು ಹಿಡ್ಕೊ."

'ಹಿಡ್ಕೊಳ್ಳಿ' ಅನ್ನಲಿಲ್ಲ ಅವಳು. ಅವನು ಮೆಲ್ಲಗೆ ತಿರುಗಿ ನೋಡಿದ.

"ಏನಂದೆ?"

"ಹಿಡ್ಕೊ ಅಂದೆ. ಕಿವಿ ಕೇಳ್ಸಲ್ವಾ?"

"ಕೇಳಿಸ್ತು," ಎಂದ ಅವನು. "ಇನ್ನೊಂದು ಸಲ ಕೇಳೋಣ ಅಂತ."